ಸ್ಕಾಟ್ಲೆಂಡಿನ ಪುನರ್ನ್ಯಾಯ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ಮಿತಾಕ್ಷರೆಯೊಡನೆ ಓದಿದವರು ಎರಡು ವಿಷಯಗಳನ್ನು ಮರೆಯಲಾರರು. ಒಂದು ಪ್ರಾಙ್ನ್ಯಾಯ, ಇನ್ನೊಂದು ಪುನರ್ನ್ಯಾಯ. ಪ್ರತಿವಾದಿಯು ಕೊಡಬಹುದಾದ ನಾಲ್ಕು ವಿಧದ ಉತ್ತರಗಳಲ್ಲಿ ಪ್ರಾಙ್ನ್ಯಾಯವೂ ಒಂದು. ಇದೇ ವಿವಾದದಲ್ಲಿ ಈತನು ಹಿಂದೆಯೇ ಸೋತಿರುವನಾದ್ದರಿಂದ ಮತ್ತೆ ಕೇಳುವ ಅಧಿಕಾರ ಈತನಿಗಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ಅದೇ ಅಧ್ಯಾಯದ ಅಂತ್ಯಭಾಗದಲ್ಲಿ, ನ್ಯಾಯವಾಗಿಯೇ ಸೋತಿದ್ದರೂ ತಾನು ಸೋತಿಲ್ಲವೆಂದು ಬಗೆದು ಮರಳಿ ಬರುವವನ ಪ್ರಸಂಗವೂ ಉಂಟು. ಅವನನ್ನು ಬಾಗಿಲಲ್ಲಿಯೇ ತಡೆಯಬೇಕೆಂದು ಸ್ಮೃತಿಕಾರನು ಹೇಳುವುದಿಲ್ಲ. ಮರಳಿ ವಿಚಾರಿಸಿ, ಮರಳಿ ಸೋತಲ್ಲಿ ಇಮ್ಮಡಿ ದಂಡವನ್ನು ಕೊಡಿಸಬೇಕೆಂದು ವಿಧಿಸುತ್ತಾನೆ. ಕಲ್ಯಾಣದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಈ ವಚನಗಳು ಸಾಲ, ಭೂಮಿ, ನಿಕ್ಷೇಪ ಮೊದಲಾದ ಗೃಹಸ್ಥರ ವಿವಾದಗಳಿಗಾಗಿ ಹುಟ್ಟಿದವು. ಒಂದು ಇಡೀ ಜನಾಂಗವೇ ವಾದಿಯಾಗಿ ಎರಡನೆಯ ಸಲ ಬಂದು ನಿಂತರೆ ಏನು ಹೇಳಬೇಕು? ಸ್ಕಾಟ್ಲೆಂಡಿನ ಇತ್ತೀಚಿನ ಚರಿತ್ರೆಯು ಈ ಪ್ರಶ್ನೆಯನ್ನೇ ನಮ್ಮ ಮುಂದಿಡುತ್ತದೆ.

ಆ ನಾಡು ನಮಗೆ ತೀರ ಅಪರಿಚಿತವಾದುದಲ್ಲ. ಕೆನರಾ ಸೀಮೆಯ ಕಲೆಕ್ಟರನಾಗಿದ್ದ ತಾಮಸ್ ಮನ್ರೋ ಗ್ಲಾಸ್ಗೋ ನಗರದವನು. ಮೈಸೂರು ಸೀಮೆಯನ್ನು ಅಳೆಯಿಸಿ, ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕೂಡಿಹಾಕಿಸಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೋವೇ ಊರಿನವನು. ನಮ್ಮ ಹಿರಿಯರು ಇವರನ್ನೆಲ್ಲ ಇಂಗ್ಲಿಷರೆಂದೇ ಕರೆದರು. ಅವರು ತಮ್ಮನ್ನು ಹಾಗೆ ಕರೆದುಕೊಂಡವರಲ್ಲ.

೧೬೦೩ರಲ್ಲಿ ಸ್ಕಾಟ್ಲೆಂಡಿನ ಆರನೆಯ ಜೇಮ್ಸನು ಇಂಗ್ಲೆಂಡಿಗೂ ಅರಸನಾದುದರಿಂದ ಎರಡು ರಾಜ್ಯಗಳಿಗೆ ಒಬ್ಬನೇ ಪ್ರಭುವಾದನು. ಪಾರ್ಲಿಮೆಂಟುಗಳು ಮಾತ್ರ ಎರಡಾಗಿಯೇ ಉಳಿದವು. ಶತಮಾನದ ಕೊನೆಗೆ ಸ್ಕಾಟರು ಪನಾಮಾ ಭೂಕಂಠದ ಡೇರಿಯನ್ ಎಂಬಲ್ಲಿ ಸ್ವಂತ ವಸಾಹತನ್ನು ಸ್ಥಾಪಿಸಹೊರಟು ೪,೦೦,೦೦೦ ಪೌಂಡುಗಳ ವಂತಿಗೆಗೆ ಸಹಿ ಹಾಕಿದರು. ಜ್ವರ, ಹಸಿವು, ಸ್ಪೇನಿನವರ ಮುತ್ತಿಗೆ, ಇಂಗ್ಲೆಂಡಿನ ಔದಾಸೀನ್ಯ ಇವುಗಳಿಂದ ೧೭೦೦ರಲ್ಲಿ ಆ ಸಾಹಸವು ಮಣ್ಣುಗೂಡಿತು. ೧೭೦೭ರ ಮೇ ೧ರಂದು ಎರಡು ಪಾರ್ಲಿಮೆಂಟುಗಳೂ ಒಂದಾದಾಗ ಸ್ಕಾಟ್ಲೆಂಡಿಗೆ ೩,೯೮,೦೮೫ ಪೌಂಡು ೧೦ ಷಿಲ್ಲಿಂಗುಗಳು ಸಲ್ಲಬೇಕೆಂದು ಗೊತ್ತಾಗಿ, ಅದರಲ್ಲಿ ಬಹು ಭಾಗವು ಡೇರಿಯನ್ ಸಂಘದ ಪಾಲುದಾರರ ನಷ್ಟಕ್ಕೆ ಮೀಸಲಾಯಿತು. ನ್ಯಾಯಪದ್ಧತಿಯೂ ಧರ್ಮಸಭೆಯೂ ಪ್ರತ್ಯೇಕವಾಗಿಯೇ ಉಳಿದುವು. ಪಟ್ಟಣಗಳಿಂದಲೂ ಗ್ರಾಮಗಳಿಂದಲೂ ವಿರೋಧದ ಮನವಿಗಳು ಬಂದುವು, ಎಡಿನ್‌ಬರೋದ ಬೀದಿಗಳಲ್ಲಿ ದೊಂಬಿಗಳಾದುವು. ಜನರ ಮತವನ್ನು ಯಾರೂ ಎಣಿಸಲಿಲ್ಲ. ಆದುದರಿಂದ ಮೊದಲನೆಯ ತೀರ್ಪು ವಾದಿಯನ್ನು ಕೇಳದೆಯೇ ಆದ ತೀರ್ಪೆಂದು ನನಗೆ ತೋರುತ್ತದೆ.

ಅವರನ್ನು ಕೇಳಿದುದು ೧೯೭೯ರ ಮಾರ್ಚ್ ೧ರಂದು, ಅದೂ ಸ್ವಾತಂತ್ರ್ಯದ ವಿಷಯವಾಗಿ ಅಲ್ಲ, ಒಂದು ಸಣ್ಣ ಪ್ರಾಂತೀಯ ಸಭೆಯ ವಿಷಯವಾಗಿ. ಮತ ಕೊಟ್ಟವರಲ್ಲಿ ಶೇಕಡಾ ೫೧.೬ ಜನ ಬೇಕೆಂದರು. ಆದರೆ ಮತದಾರರ ಒಟ್ಟು ಪಟ್ಟಿಯಲ್ಲಿ ಶೇಕಡಾ ೪೦ ಮಂದಿಯಾದರೂ ಒಪ್ಪಬೇಕೆಂಬ ಷರತ್ತು ಮೊದಲೇ ಸೇರಿದ್ದಿತು. ಒಪ್ಪಿದವರು ಶೇಕಡಾ ೩೩ ಮಾತ್ರ. ಮನೆಯಲ್ಲಿ ಕುಳಿತವನ ಮೌನವೂ ನಿರಾಕರಣೆಯೆಂದೇ ಎಣಿಕೆಯಾಯಿತು. ಅದೇ ಪ್ರಶ್ನೆಯನ್ನು ೧೯೯೭ರಲ್ಲಿ ಪುನಃ ಕೇಳಿದಾಗ ಶೇಕಡಾ ೭೪ ಜನ ಒಪ್ಪಿ, ೧೯೯೯ರಲ್ಲಿ ಎಡಿನ್‌ಬರೋದಲ್ಲಿ ಪಾರ್ಲಿಮೆಂಟು ಮರಳಿ ಕುಳಿತಿತು. ಎರಡನೆಯ ಗಣನೆ ಅನುಚಿತವೆಂದು ಇಂದು ಗರ್ಜಿಸುವವರು ಇದನ್ನು ಅಷ್ಟಾಗಿ ಸ್ಮರಿಸುವುದಿಲ್ಲ.

ಆ ಪಾರ್ಲಿಮೆಂಟಿನಲ್ಲಿ ೨೦೧೧ರಲ್ಲಿ ೧೨೯ ಸ್ಥಾನಗಳ ಪೈಕಿ ೬೯ನ್ನು ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಗೆದ್ದುಕೊಂಡಿತು. ೨೦೧೨ರ ಅಕ್ಟೋಬರಿನಲ್ಲಿ ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಹಾಗೂ ಸ್ಕಾಟ್ಲೆಂಡಿನ ಮುಖ್ಯಮಂತ್ರಿ ಅಲೆಕ್ಸ್ ಸಾಮಂಡ್ ಎಡಿನ್‌ಬರೋ ಒಪ್ಪಂದಕ್ಕೆ ಸಹಿ ಮಾಡಿದರು; ಗಣನೆ ನಡೆಸುವ ಅಧಿಕಾರವನ್ನು ಲಂಡನ್ನು ತಾತ್ಕಾಲಿಕವಾಗಿ ಎಡಿನ್‌ಬರೋಗೆ ಕೊಟ್ಟಿತು. ೨೦೧೪ರ ಸೆಪ್ಟೆಂಬರ್ ೧೮ರಂದು ಸ್ವತಂತ್ರ ದೇಶವಾಗಬೇಕೆಂದವರು ೧೬,೧೭,೯೮೯ ಮಂದಿ, ಬೇಡವೆಂದವರು ೨೦,೦೧,೯೨೬ ಮಂದಿ. ನೂರಕ್ಕೆ ೮೪.೬ ಜನ ಮತ ಕೊಟ್ಟಿದ್ದರು. ಹದಿನಾರು ವರ್ಷದ ಬಾಲಕ ಬಾಲಿಕೆಯರಿಗೂ ಮತವಿದ್ದಿತು. ಮನ್ರೋವಿನ ಗ್ಲಾಸ್ಗೋ ಸ್ವಾತಂತ್ರ್ಯದ ಕಡೆ ನಿಂತಿತು. ಮೆಕೆಂಜಿಯ ದ್ವೀಪಗಳು ನಿಲ್ಲಲಿಲ್ಲ. ರಕ್ತದ ಒಂದು ಹನಿಯೂ ಬೀಳದೆ ಮುನ್ನೂರು ವರ್ಷಗಳ ಸಂಬಂಧವನ್ನು ತೂಗಿ ನೋಡಿದುದು ಸಾಮಾನ್ಯ ಕಾರ್ಯವಲ್ಲ.

ಇದು ಒಂದು ತಲೆಮಾರಿಗೊಮ್ಮೆ ಒದಗುವ ಅವಕಾಶವೆಂದು ಸ್ವಾತಂತ್ರ್ಯಪಕ್ಷದವರೇ ಆಗ ಜನರನ್ನು ಹುರಿದುಂಬಿಸಿದ್ದರು. ಸೋತ ಮೇಲೆ ಆ ಮಾತೇ ಅವರ ಕೊರಳಿಗೆ ಸುತ್ತಿಕೊಂಡಿತು. ಮಾತು ಆಡಿದುದು ನಿಜ, ಒಪ್ಪಂದಪತ್ರದಲ್ಲಿ ಅದು ಇರಲಿಲ್ಲವೆಂಬುದೂ ನಿಜ. ಉತ್ತರ ಐರ್ಲೆಂಡಿನ ಸಂಬಂಧವಾಗಿ ೧೯೯೮ರ ಶಾಸನವು ಎರಡು ಗಣನೆಗಳ ನಡುವೆ ಏಳು ವರ್ಷಗಳ ಅಂತರವಿರಬೇಕೆಂದು ಸ್ಪಷ್ಟವಾಗಿ ಬರೆದಿದೆ. ಸ್ಕಾಟ್ಲೆಂಡಿಗೆ ಅಂಥ ಯಾವ ಲಿಖಿತ ಅವಧಿಯೂ ಇಲ್ಲ.

ಪ್ರಾಙ್ನ್ಯಾಯವು ಸಲ್ಲಬೇಕಾದರೆ ವಿವಾದದ ವಸ್ತು ಅದೇ ಆಗಿರಬೇಕಷ್ಟೆ. ೨೦೧೬ರ ಜೂನ್ ೨೩ರಂದು ಯುರೋಪಿಯನ್ ಒಕ್ಕೂಟವನ್ನು ಬಿಡಲು ಬ್ರಿಟನ್ನು ನಿರ್ಧರಿಸಿತು. ಸ್ಕಾಟ್ಲೆಂಡಿನ ಶೇಕಡಾ ೬೨ ಜನ, ಅಲ್ಲಿನ ೩೨ ಪ್ರದೇಶಗಳೂ ಒಂದೂ ಬಿಡದೆ, ಉಳಿಯಬೇಕೆಂದಿದ್ದರು. ಒಕ್ಕೂಟದಲ್ಲಿ ನೆಲೆಯಾಗಿರಬೇಕಾದರೆ ಬ್ರಿಟನ್ನಿನಲ್ಲಿಯೇ ಇರಬೇಕೆಂದು ೨೦೧೪ರಲ್ಲಿ ವಾದಿಸಿದವರ ಮಾತು ಹೀಗೆ ತಿರುಗಿ ಬಿದ್ದಿತು. ಮುಖ್ಯಮಂತ್ರಿ ನಿಕೋಲಾ ಸ್ಟರ್ಜನ್ ೨೦೧೭ರಲ್ಲಿ ಎರಡನೆಯ ಗಣನೆಗೆ ಅನುಮತಿ ಬೇಡಿದರು. ತೆರೇಸಾ ಮೇ ಇದು ಸಮಯವಲ್ಲವೆಂದರು. ೨೦೧೯ರ ಕೊನೆಗೆ ಪುನಃ ಬೇಡಿದರು. ಬೋರಿಸ್ ಜಾನ್ಸನ್ ೨೦೨೦ರ ಜನವರಿಯಲ್ಲಿ ನಿರಾಕರಿಸಿದರು. ೨೦೨೧ರ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿಗಳಾದ ಎರಡು ಪಕ್ಷಗಳು ಕೂಡಿ ೭೨ ಸ್ಥಾನಗಳನ್ನು ಪಡೆದರೂ ಉತ್ತರ ಬದಲಾಗಲಿಲ್ಲ.

೨೦೨೩ರ ಅಕ್ಟೋಬರ್ ೧೯ರಂದು ಗಣನೆಯೆಂದು ಸ್ಟರ್ಜನ್ ದಿನವನ್ನೇ ಗೊತ್ತುಮಾಡಿ, ಎಡಿನ್‌ಬರೋದ ಪಾರ್ಲಿಮೆಂಟಿಗೆ ತಾನಾಗಿಯೇ ಅದನ್ನು ನಡೆಸುವ ಅಧಿಕಾರವುಂಟೆ ಎಂಬ ಪ್ರಶ್ನೆಯು ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. ಗಣನೆಯು ಕೇವಲ ಅಭಿಪ್ರಾಯಸಂಗ್ರಹ, ತಾನಾಗಿ ಏನನ್ನೂ ಮುರಿಯದು ಎಂಬುದು ಸ್ಕಾಟರ ವಾದ. ೨೦೨೨ರ ನವೆಂಬರ್ ೨೩ರಂದು ಐವರು ನ್ಯಾಯಾಧೀಶರು ಏಕಮತದಿಂದ ಇದನ್ನು ತಳ್ಳಿಹಾಕಿದರು. ಜನರ ಇಂಥ ಮಾತಿಗೆ ರಾಜಕೀಯ ಬಲವಿಲ್ಲವೆಂದು ನಟಿಸಲಾಗದು. ರಾಜ್ಯಗಳ ಐಕ್ಯವು ೧೯೯೮ರ ಶಾಸನದ ಮೇರೆಗೆ ಲಂಡನ್ನಿಗೆ ಮೀಸಲಾದ ವಿಷಯವೆಂದರು. ಶಬ್ದಾರ್ಥದಲ್ಲಿ ತೀರ್ಪು ನಿರ್ದುಷ್ಟವೆಂದೇ ನನ್ನ ಎಣಿಕೆ. ಆದರೆ ಅದರ ಫಲವೇನಾಯಿತೆಂದರೆ, ಪುನರ್ವಿಚಾರಣೆ ಬೇಕೋ ಬೇಡವೋ ಎಂಬುದನ್ನು ಪ್ರತಿವಾದಿಯೇ ನಿರ್ಣಯಿಸುವಂತಾಯಿತು. ಸ್ವೇಚ್ಛೆಯಿಂದ ಕೂಡಿದ ರಾಜ್ಯಗಳ ಐಕ್ಯವೆಂದು ಹೊಗಳಿಕೊಳ್ಳುವವರು, ಹೊರಹೋಗುವ ಇಚ್ಛೆಯನ್ನು ಯಾವಾಗ ಹೇಗೆ ತಿಳಿಸಬೇಕೆಂಬುದನ್ನಾದರೂ ಬರೆದಿಡುವುದು ಲೇಸಲ್ಲವೆ?

ಹಾಗೆ ಬರೆದಿಟ್ಟ ಕಡೆ ಎಲ್ಲವೂ ಸುಗಮವಾಯಿತೆಂದೂ ಅಲ್ಲ. ಫ್ರಾನ್ಸಿಗೆ ಸೇರಿದ ನ್ಯೂ ಕ್ಯಾಲೆಡೋನಿಯಾದಲ್ಲಿ ೧೯೯೮ರ ನೂಮೆಯಾ ಒಪ್ಪಂದವು ಮೂರು ಗಣನೆಗಳಿಗೆ ಎಡೆಮಾಡಿತ್ತು. ಸ್ವಾತಂತ್ರ್ಯ ಬೇಡವೆಂದವರು ೨೦೧೮ರಲ್ಲಿ ಶೇಕಡಾ ೫೬.೭, ೨೦೨೦ರಲ್ಲಿ ೫೩.೩. ಸಾಂಕ್ರಾಮಿಕದಿಂದ ಸತ್ತವರ ಶೋಕ ಮುಗಿಯುವವರೆಗೆ ಮೂರನೆಯದನ್ನು ಮುಂದೂಡಿರೆಂದು ಮೂಲನಿವಾಸಿಗಳಾದ ಕನಕರು ಕೇಳಿಕೊಂಡರು. ಫ್ರಾನ್ಸು ಕಿವಿಗೊಡದೆ ೨೦೨೧ರ ಡಿಸೆಂಬರಿನಲ್ಲಿ ನಡೆಸಿಯೇ ಬಿಟ್ಟಿತು. ಅವರು ಬಹಿಷ್ಕರಿಸಿದರು. ಶೇಕಡಾ ೯೬.೫ ಜನ ಬೇಡವೆಂದ ಆ ಫಲಿತಾಂಶದಿಂದ ಯಾರ ಮನಸ್ಸಿಗೂ ಸಮಾಧಾನವಾಗಲಿಲ್ಲ. ೨೦೨೪ರಲ್ಲಿ ಅಲ್ಲಿ ಮನೆ ಅಂಗಡಿಗಳು ಉರಿದುವು.

ಇಮ್ಮಡಿ ದಂಡದ ಮಾತಿಗೆ ದೃಷ್ಟಾಂತ ಬೇಕಾದವರು ಕೆನಡಾದ ಕ್ವಿಬೆಕ್ ಪ್ರಾಂತವನ್ನು ನೋಡಬೇಕು. ೧೯೮೦ರಲ್ಲಿ ನೂರಕ್ಕೆ ೪೦ರಷ್ಟು ಮತ ಪಡೆದು ಸೋತವರು ೧೯೯೫ರ ಅಕ್ಟೋಬರ್ ೩೦ರಂದು ಮರಳಿ ಬಂದು ೫೪,೨೮೮ ಮತಗಳಿಂದ ಪುನಃ ಸೋತರು. ಗೆಲುವು ಕೈಗೆ ತಾಗಿ ಜಾರಿಹೋದ ಆ ರಾತ್ರಿಯ ತರುವಾಯ ಮೂವತ್ತು ವರ್ಷ ಕಳೆದರೂ ಮೂರನೆಯ ಗಣನೆಗೆ ಯಾರಿಗೂ ಧೈರ್ಯ ಬರಲಿಲ್ಲ. ಎಡಿನ್‌ಬರೋದ ನಾಯಕರಲ್ಲಿ ವಿವೇಕಿಗಳಿಗೆ ಈ ಭಯವೂ ಇದ್ದಿತು.

ಸ್ಟರ್ಜನ್ ೨೦೨೩ರಲ್ಲಿ ಪದವಿಯನ್ನು ತ್ಯಜಿಸಿದರು. ೨೦೨೪ರ ಜುಲೈ ತಿಂಗಳ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಲಂಡನ್ ಸಭೆಯ ೫೭ ಸ್ಕಾಟಿಷ್ ಸ್ಥಾನಗಳಲ್ಲಿ ಒಂಬತ್ತು ಮಾತ್ರ ದಕ್ಕಿದುವು. ಆದರೂ ಆ ವರ್ಷವೂ ಸ್ವಾತಂತ್ರ್ಯ ಬೇಕೆನ್ನುವವರು ಸುಮಾರು ಅರ್ಧದಷ್ಟೇ ಇದ್ದರು. ಅವರಲ್ಲಿ ಎಳೆಯರೇ ಹೆಚ್ಚು.