ಬುತ್ತಿಯಿಂದ ಬಿಸಿಯೂಟಕ್ಕೆ

ಸರ್ಕಾರಿ ಪ್ರೌಢಶಾಲೆಗಳಲ್ಲಿ ಓದಿದ ಹಿರಿಯರಿಗೆ ಮಧ್ಯಾಹ್ನದ ಗಂಟೆ ಎಂದರೆ ಬುತ್ತಿ ಬಿಚ್ಚುವ ಹೊತ್ತು. ಬುತ್ತಿ ತರಲಾಗದವರು ನೀರು ಕುಡಿದು ಸಂಜೆಯವರೆಗೆ ಕುಳಿತಿರುತ್ತಿದ್ದರು. ಮಕ್ಕಳ ಹಸಿವು ಆಗ ಆಯಾ ಮನೆಯ ಚಿಂತೆಯಾಗಿತ್ತು; ಅದು ಶಾಲೆಯ ಹೊಣೆಯಾಗಲು ಬಹಳ ಕಾಲ ಹಿಡಿಯಿತು.

ನೆರೆಯ ತಮಿಳುನಾಡಿನಲ್ಲಿ ಕಾಮರಾಜರು 1950ರ ದಶಕದಲ್ಲೇ ಶಾಲಾ ಊಟವನ್ನು ವಿಸ್ತರಿಸಿದ್ದರು. ಕೇಂದ್ರ ಸರ್ಕಾರದ ಯೋಜನೆ ಬಂದದ್ದು 1995ರ ಆಗಸ್ಟ್ 15ರಂದು. ಆಗ ಹೆಚ್ಚಿನ ರಾಜ್ಯಗಳಲ್ಲಿ ಮಗುವಿಗೆ ಸಿಕ್ಕಿದ್ದು ತಿಂಗಳಿಗೆ 3 ಕಿಲೋ ಧಾನ್ಯ ಮಾತ್ರ. ಧಾನ್ಯ ಮನೆ ಸೇರುತ್ತಿತ್ತು, ಮಗುವಿನ ತಟ್ಟೆಗೆ ಎಷ್ಟು ಬಂತೆಂದು ಕೇಳುವವರಿರಲಿಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002-03ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹರಡಿತು. 2007-08ರಲ್ಲಿ ಪ್ರೌಢಶಾಲೆಗಳಿಗೂ ಬಿಸಿಯೂಟ ಬಂತು.

ಈ ಕೊನೆಯ ಹೆಜ್ಜೆಯನ್ನು ನಾವು ವಿಶೇಷವಾಗಿ ನೆನೆಯಬೇಕು. ಕೇಂದ್ರದ ಯೋಜನೆ ಎಂಟನೇ ತರಗತಿಗೇ ನಿಲ್ಲುತ್ತದೆ. ಒಂಬತ್ತು ಮತ್ತು ಹತ್ತನೇ ತರಗತಿಯ ಊಟದ ಖರ್ಚು ರಾಜ್ಯದ್ದು. ಎತ್ತರ ಬೆಳೆಯುವ ವಯಸ್ಸು, ಹೆಣ್ಣುಮಕ್ಕಳನ್ನು ರಕ್ತಹೀನತೆ ಕಾಡುವ ವಯಸ್ಸು ಇದೇ ಅಲ್ಲವೇ?

ನಿಯಮದ ಪ್ರಕಾರ ಹಿರಿಯ ಪ್ರಾಥಮಿಕ ಹಂತದ ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಸಿಗಬೇಕು. 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ದೊರೆಯಬೇಕು. ಕಾಗದದ ಈ ಲೆಕ್ಕವನ್ನು ಊಟವಾಗಿಸುವವರು ಅಡುಗೆಯ ತಾಯಂದಿರು. ಬೆಳಗಿನ ಹಾಜರಿ ನೋಡಿ ಅಕ್ಕಿ ಅಳೆಯುವುದು, ತರಕಾರಿ ಬೆಲೆ ಏರಿದಾಗಲೂ ಸಾಂಬಾರು ನೀರಾಗದಂತೆ ನೋಡಿಕೊಳ್ಳುವುದು, ಮಕ್ಕಳು ಆರಿಸಿ ಪಕ್ಕಕ್ಕಿಡುವ ಸೊಪ್ಪನ್ನು ಬೇಳೆಯಲ್ಲೇ ಮಸೆದು ಉಣಿಸುವುದು ಅವರ ಕೈಚಳಕ. ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಬೇಕೆಂಬ ನಿಯಮವೂ ಇದೆ. ಇಷ್ಟು ದುಡಿಯುವ ಆ ತಾಯಂದಿರಿಗೆ ಸಿಗುವುದು ಸಂಬಳವಲ್ಲ, ಗೌರವ ಸಂಭಾವನೆ. ಈ ಇತಿಹಾಸದಲ್ಲಿ ಇನ್ನೂ ತೀರದ ಋಣ ಅದು.

2013ರ ಆಗಸ್ಟ್ 1ರಂದು ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಯಾದಗಿರಿ ಮೊದಲಾದ ಜಿಲ್ಲೆಗಳಲ್ಲಿ ಮೊಟ್ಟೆ ಆರಂಭವಾಗಿ, 2023ರಲ್ಲಿ ಹತ್ತನೇ ತರಗತಿಯವರೆಗೂ ತಲುಪಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು.

ಇನ್ನು ಶಾಲೆಯ ಗೇಟಿನ ಹೊರಗಿನ ಮಾತು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಆ 50 ಮೀಟರನ್ನು ಕಾಯುವುದು ಶಿಕ್ಷಕರಿಂದ ಮಾತ್ರ ಆಗುವ ಕೆಲಸವಲ್ಲ. ಅಂಗಡಿ ನಮ್ಮೂರಿನವರದು, ಮಕ್ಕಳೂ ನಮ್ಮವರೇ. ಅಂಗಡಿಯಲ್ಲಿ ಕುರುಕಲು ಪೊಟ್ಟಣದ ಬದಲು ಕಡಲೆಕಾಯಿ, ಬಾಳೆಹಣ್ಣು ಇರಲಿ. ಹೊಲದಲ್ಲಿ ಹೆಚ್ಚಾದ ಸೊಪ್ಪು, ನುಗ್ಗೆ ಶಾಲೆಯ ಅಡುಗೆಮನೆಗೆ ಬರಲಿ. ಸುವರ್ಣ ಮಹೋತ್ಸವಕ್ಕೆ ಊರು ಕೊಡಬಹುದಾದ ಕಾಣಿಕೆ ಇದು.