ಬೋಗಿಯ ಬುಡದ ತುಕ್ಕು

ದೂರದೂರಿನಿಂದ ಬಂದ ರೈಲು ಯಶವಂತಪುರದಲ್ಲಿ ಪ್ರಯಾಣಿಕರನ್ನು ಇಳಿಸಿ ಡಿಪೋ ಸೇರಿದ ಮೇಲೆ ಅದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಹಳಿಗಳ ನಡುವೆ ಮನುಷ್ಯ ಇಳಿದು ಓಡಾಡುವಂತೆ ಉದ್ದನೆಯ ಗುಂಡಿ ತೋಡಿ ಸಿಮೆಂಟು ಕಟ್ಟಿರುತ್ತಾರೆ. ಇದಕ್ಕೆ ಪಿಟ್ ಲೈನ್ ಎಂದು ಹೆಸರು. ಗುಂಡಿಗಿಳಿದ ಕೆಲಸಗಾರರು ತಲೆಯೆತ್ತಿ ಬೋಗಿಯ ಹೊಟ್ಟೆಯನ್ನು ಪರೀಕ್ಷಿಸುತ್ತಾರೆ. ಮೇಲೆ ಕಿಟಕಿ, ಬಣ್ಣ, ಬೆಂಚುಗಳನ್ನು ಎಲ್ಲರೂ ನೋಡುತ್ತಾರೆ. ಕೆಳಗಿನದನ್ನು ನೋಡುವವರು ಇವರಷ್ಟೇ. ವಾಹನ ಯಾವುದೇ ಇರಲಿ, ತುಕ್ಕು ಮೊದಲು ಹಿಡಿಯುವುದು ಯಾರೂ ನೋಡದ ಈ ಬುಡಕ್ಕೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಕಾರು ಇಟ್ಟುಕೊಂಡವರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ಅಮೆರಿಕದ ಡೆಟ್ರಾಯಿಟ್, ಷಿಕಾಗೊ, ಬಾಸ್ಟನ್ ಕಡೆಗಳಲ್ಲಿ ನೆಲೆಸಿದ ಕನ್ನಡಿಗರೂ ಚಳಿಗಾಲ ಕಳೆದೊಡನೆ ಕಾರಿನ ತಳಭಾಗವನ್ನು ತೊಳೆಸುತ್ತಾರೆ. ಅವರ ಹೆದರಿಕೆ ಹಿಮದ್ದಲ್ಲ, ಉಪ್ಪಿನದು. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತರೆ ಅದಕ್ಕಿಂತ ತಣ್ಣಗಾದರೂ ನೀರಾಗಿಯೇ ಉಳಿಯುತ್ತದೆ. ಆದ್ದರಿಂದ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುತ್ತಾರೆ. 1941-42ರ ಚಳಿಗಾಲದಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯ ಇದನ್ನು ಸರ್ಕಾರಿ ಪದ್ಧತಿಯನ್ನಾಗಿ ಮಾಡಿಕೊಂಡಿತು. ಆಗ ಇಡೀ ಅಮೆರಿಕದಲ್ಲಿ ರಸ್ತೆಗೆ ಬಿದ್ದ ಉಪ್ಪು ಐದು ಸಾವಿರ ಟನ್ನು. ಇಂದು ಅದು ವರ್ಷಕ್ಕೆ ಒಂದು ಕೋಟಿ ಟನ್ನನ್ನೂ ಮೀರಿದೆ.

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಎರಡೂ ಬೇಕು. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಕಬ್ಬಿಣ ಕರಗುವ ಕ್ರಿಯೆ ಚುರುಕಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಲೋಹದ ರಕ್ಷಣೆಯ ಪದರವನ್ನೂ ಭೇದಿಸಿ ಅಲ್ಲಲ್ಲಿ ಗುಳಿ ಕೊರೆಯುತ್ತದೆ. ಇದಕ್ಕೆ ಹಿಮದ ನಾಡು ಹಲವು ಮದ್ದುಗಳನ್ನು ಹುಡುಕಿತು. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ ಎಂಬಾತ 1837ರಲ್ಲೇ ಪೇಟೆಂಟ್ ಪಡೆದಿದ್ದ. ಸತುವು ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಕರ್ಟ್ ಜೀಬಾರ್ಟ್ ಎಂಬ ಮೆಕ್ಯಾನಿಕ್ ಕಾರಿನ ಸಂದುಗೊಂದುಗಳಿಗೆ ರಕ್ಷಣೆಯ ಲೇಪ ಸಿಂಪಡಿಸುವ ಅಂಗಡಿಯನ್ನೇ ತೆರೆದ. ಮುಂದೆ ಕಾರಿನ ಇಡೀ ಒಡಲನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನಿಂದ ಬಣ್ಣ ಅಂಟಿಸುವ ವಿಧಾನ ಬಂತು.

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ, ರಸ್ತೆಗೆ ಉಪ್ಪು ಚೆಲ್ಲುವವರೂ ಇಲ್ಲ. ಆದರೂ ಇಲ್ಲಿಂದ ಹೊರಡುವ ರೈಲುಗಳ ಬುಡಕ್ಕೆ ದಶಕಗಳ ಕಾಲ ದಿನವೂ ಉಪ್ಪು ನೀರು ಬೀಳುತ್ತಿತ್ತು. ಅದು ರಸ್ತೆಯಿಂದ ಮೇಲಕ್ಕೆ ಸಿಡಿದದ್ದಲ್ಲ, ಬೋಗಿಯೊಳಗಿಂದಲೇ ಕೆಳಗಿಳಿದದ್ದು. ನಿಲ್ದಾಣದಲ್ಲಿ ರೈಲು ನಿಂತಿರುವಾಗ ಶೌಚಾಲಯ ಬಳಸಬಾರದೆಂಬ ಸೂಚನೆಯನ್ನು ಓದದ ಪ್ರಯಾಣಿಕರು ಇರಲಿಕ್ಕಿಲ್ಲ. ಆ ಶೌಚಾಲಯವೆಂದರೆ ನೆಲದಲ್ಲೊಂದು ತೂತು, ಅದರಿಂದ ಹಳಿಗೆ ತೆರೆದ ಒಂದು ಕೊಳವೆ, ಅಷ್ಟೆ.

ಭಾರತದ ರೈಲುಗಳಲ್ಲಿ ಕೆಳದರ್ಜೆಯ ಪ್ರಯಾಣಿಕರಿಗೆ ಬಹುಕಾಲ ಆ ತೂತೂ ಇರಲಿಲ್ಲ. ಬಂಗಾಳದ ಕಡೆಯ ಓಖಿಲ್ ಚಂದ್ರ ಸೇನ್ ಎಂಬವರು 1909ರಲ್ಲಿ ಬರೆದರೆಂದು ಹೇಳಲಾಗುವ ದೂರಿನ ಪತ್ರದ ಕಥೆ ಪ್ರಸಿದ್ಧವಾಗಿದೆ. ಶೌಚಕ್ಕೆಂದು ನಿಲ್ದಾಣದಲ್ಲಿ ಇಳಿದಾಗ ಗಾರ್ಡ್ ಕಾಯದೆ ರೈಲು ಬಿಟ್ಟ, ಓಡಿ ಬಂದು ಬಿದ್ದು ಎಲ್ಲರೆದುರು ಮಾನ ಹೋಯಿತು ಎಂಬುದು ಅದರ ಸಾರಾಂಶ. ಬೋಗಿಯೊಳಗೆ ಶೌಚಾಲಯ ಬಂದದ್ದು ಪ್ರಯಾಣಿಕರ ಪಾಲಿಗೆ ದೊಡ್ಡ ಉಪಕಾರವೇ. ತೂತಿನ ಕೆಳಗೆ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಹಿಂದುಳಿಯಿತು.

ಹಳೆಯ ಬೋಗಿಗಳಲ್ಲಿ ಉಕ್ಕಿನ ಅಡಿಗಟ್ಟಿನ ಮೇಲೆ ಮರದ ಒಡಲು ಇರುತ್ತಿತ್ತು. ಸ್ವಾತಂತ್ರ್ಯ ಬಂದ ಕಾಲಕ್ಕೆ ಪೂರಾ ಲೋಹದ ಬೋಗಿಗಳ ಯುಗ ಆರಂಭವಾಯಿತು. ಇದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ವಿಮಾನ ಕಟ್ಟುವ ಎಚ್‌ಎಎಲ್ ಆಗ ರೈಲು ಬೋಗಿಗಳನ್ನೂ ಕಟ್ಟುತ್ತಿತ್ತು. 1964ರಲ್ಲಿ ಬಿಇಎಂಎಲ್ ಸ್ಥಾಪನೆಯಾದಾಗ ಆ ಕೆಲಸ ಅದರ ಪಾಲಿಗೆ ಬಂತು. ಮದರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಶುರುವಾಯಿತು. ಅದರ ಬೋಗಿಯ ವಿನ್ಯಾಸ ಬಂದದ್ದು ಹಿಮದ ನಾಡಾದ ಸ್ವಿಟ್ಜರ್ಲೆಂಡಿನಿಂದ. ಬೋಗಿಗೆ ಬೇಕಾದ ಗಾಲಿ, ಅಚ್ಚುಗಳನ್ನು ತಯಾರಿಸುವ ಕಾರ್ಖಾನೆ 1984ರಲ್ಲಿ ಯಲಹಂಕದಲ್ಲಿ ತಲೆಯೆತ್ತಿತು. ಹಳಿಗೆ ಉಜ್ಜಿ ಉಜ್ಜಿ ಗಾಲಿಯ ಅಂಚು ಕನ್ನಡಿಯಂತೆ ಹೊಳೆಯುತ್ತದೆ. ತುಕ್ಕು ಅಲ್ಲಿ ನಿಲ್ಲಲಾರದು. ಆದರೆ ಅದರ ಮೇಲಿರುವ ಬೋಗಿಯ ತಳಕ್ಕೆ ಆ ಭಾಗ್ಯವಿಲ್ಲ.

ಮೂತ್ರದಲ್ಲಿ ಉಪ್ಪಿದೆ, ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಓಡುವ ರೈಲಿನ ಗಾಳಿಗೆ ಅದು ತಳಕ್ಕೆಲ್ಲ ಎರಚುತ್ತದೆ. ಶೌಚಾಲಯದ ನೆಲ ತೊಳೆದ ನೀರು ಸಂದುಗಳಲ್ಲಿ ಜಿನುಗುತ್ತದೆ. ಹೀಗಾಗಿ ಬೋಗಿಯ ಎರಡು ತುದಿಗಳಲ್ಲಿ, ಅಂದರೆ ಶೌಚಾಲಯ ಮತ್ತು ಬಾಗಿಲುಗಳಿರುವ ಕಡೆ, ತಳದ ತಗಡು, ಪಕ್ಕದ ತೊಲೆ, ಗೋಡೆಯ ಕಂಬಗಳ ಬುಡ ಮೊದಲು ಕೊರೆದುಹೋಗುತ್ತಿದ್ದವು. ಮಧ್ಯಭಾಗ ಗಟ್ಟಿಯಾಗಿಯೇ ಇರುತ್ತಿತ್ತು. ಇಪ್ಪತ್ತೈದು ವರ್ಷ ಬಾಳಬೇಕಾದ ಬೋಗಿಗೆ ಹುಬ್ಬಳ್ಳಿ, ಮೈಸೂರಿನಂಥ ಕಾರ್ಯಾಗಾರಗಳಲ್ಲಿ ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆಯುವುದು ದೊಡ್ಡ ಕೆಲಸವಾಯಿತು.

ಮದ್ದುಗಳೇನೂ ಕಡಿಮೆಯಿರಲಿಲ್ಲ. ತಳಕ್ಕೆ ಡಾಂಬರಿನ ಜಾತಿಯ ದಪ್ಪ ಲೇಪ ಬಳಿದರು. ಅಮೆರಿಕದಲ್ಲಿ 1933ರಲ್ಲಿ ಬಂದ ಕಾರ್ಟೆನ್ ಎಂಬ ಉಕ್ಕು ಇಲ್ಲಿಯ ಬೋಗಿಗಳಿಗೂ ಬಂತು. ಇದರ ಗುಣ ವಿಚಿತ್ರ. ಇದಕ್ಕೂ ತುಕ್ಕು ಹಿಡಿಯುತ್ತದೆ. ಆದರೆ ಆ ತುಕ್ಕು ಉದುರದೆ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಇದಕ್ಕೊಂದು ಷರತ್ತಿದೆ: ನೆನೆದ ಲೋಹ ಆಗಾಗ ಒಣಗಬೇಕು, ಉಪ್ಪು ತಾಗಬಾರದು. ಶೌಚಾಲಯದ ಅಡಿಯಲ್ಲಿ ಈ ಎರಡೂ ಸಾಧ್ಯವಿರಲಿಲ್ಲ. ಹಳಿಗಳ ಪಾಡೂ ಇದೇ. ಅವುಗಳ ಬುಡವೂ, ಮರದ ದಿಮ್ಮಿಗೋ ಕಾಂಕ್ರೀಟಿಗೋ ಹಿಡಿದಿಡುವ ಕೊಂಡಿಗಳೂ ತೆಳುವಾಗಿ ಅವಧಿಗೆ ಮುಂಚೆಯೇ ಬದಲಿಸಬೇಕಾಗುತ್ತಿತ್ತು.

ಕಬ್ಬಿಣದ ಮಾತು ಇಷ್ಟಾಯಿತು. ಆದರೆ ಹಳಿಯ ಮೇಲೆ ಬಿದ್ದದ್ದನ್ನು ಎತ್ತಿದವರು ಯಾರು? ಪ್ಲಾಟ್‌ಫಾರಂ ಪಕ್ಕದ ಹಳಿಗೆ ಕಾಂಕ್ರೀಟು ಹಾಸಿ, ಪೈಪಿನಲ್ಲಿ ನೀರು ಹಾಯಿಸುವ ವ್ಯವಸ್ಥೆ ದೊಡ್ಡ ನಿಲ್ದಾಣಗಳಿಗೆ ಬಂತು. ಅಲ್ಲಿಯೂ ಕೈಯಲ್ಲಿ ಪೊರಕೆ ಹಿಡಿದು ಇಳಿದವರು, ಹೆಚ್ಚಿನಂಶ, ತಲೆತಲಾಂತರದಿಂದ ಈ ಕೆಲಸಕ್ಕೆ ದೂಡಲ್ಪಟ್ಟ ದಲಿತ ಸಮುದಾಯಗಳ ಜನ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಲ್ಲಿಸಲು ಹೊರಟರು. 1993ರಲ್ಲಿ ದೇಶದ ಕಾನೂನೂ ಬಂತು. ತಲೆಯ ಮೇಲಿನ ಬುಟ್ಟಿ ಇಳಿಯಿತು. ಹಳಿಯ ಮೇಲಿನದು ಉಳಿಯಿತು.

ಇದನ್ನು ನ್ಯಾಯಾಲಯಕ್ಕೆ ಒಯ್ದ ಸಫಾಯಿ ಕರ್ಮಚಾರಿ ಆಂದೋಲನದ ಮುಂದಾಳು ಬೆಜವಾಡ ವಿಲ್ಸನ್ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2013ರ ಹೊಸ ಕಾಯ್ದೆ ರೈಲು ಹಳಿಯನ್ನು ಹೆಸರಿಸಿಯೇ ಸೇರಿಸಿಕೊಂಡಿತು. ಆದರೆ ಸರ್ಕಾರ ಗೊತ್ತುಪಡಿಸಿದ ಸಲಕರಣೆ, ರಕ್ಷಣೆಯ ಉಡುಪುಗಳೊಡನೆ ಕೆಲಸ ಮಾಡುವವರನ್ನು ಮಲ ಹೊರುವವರೆಂದು ಎಣಿಸುವುದಿಲ್ಲ ಎಂಬ ವಿವರಣೆಯೂ ಅದರಲ್ಲಿದೆ. 2014ರ ಮಾರ್ಚ್ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕಾಲಮಿತಿ ಹಾಕಿಕೊಂಡು ಹಳಿಯ ಮೇಲಿನ ಈ ಕೆಲಸವನ್ನು ಕೊನೆಗೊಳಿಸುವಂತೆ ರೈಲ್ವೆಗೆ ಆದೇಶಿಸಿತು.

ಪರಿಹಾರ ಬಂದದ್ದೂ ಹಿಮದ ನಾಡಿನಿಂದಲೇ. ಸಿಯಾಚಿನ್, ಲಡಾಖ್‌ಗಳ ಕೊರೆಯುವ ಚಳಿಯಲ್ಲಿ ಮಲ ಕೊಳೆಯುವುದಿಲ್ಲ. ಅಲ್ಲಿನ ಯೋಧರಿಗಾಗಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಅಂಟಾರ್ಕ್ಟಿಕಾ ಮುಂತಾದ ತಂಪು ಪ್ರದೇಶಗಳಿಂದ ತಂದ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಜೈವಿಕ ತೊಟ್ಟಿಯೊಂದನ್ನು ರೂಪಿಸಿತು. ಆಮ್ಲಜನಕವಿಲ್ಲದ ಆ ತೊಟ್ಟಿಯಲ್ಲಿ ಮಲ ಕರಗಿ ನೀರೂ ಅನಿಲವೂ ಆಗುತ್ತದೆ. 2011ರಲ್ಲಿ ಗ್ವಾಲಿಯರ್‌ನಿಂದ ವಾರಾಣಸಿಗೆ ಹೋಗುವ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್ಸಿಗೆ ಮೊದಲು ಇದನ್ನು ಅಳವಡಿಸಿದರು. 2019ರ ಹೊತ್ತಿಗೆ ದೇಶದ ಪ್ರಯಾಣಿಕ ಬೋಗಿಗಳಿಗೆಲ್ಲ, ಒಟ್ಟು ಎರಡು ಲಕ್ಷಕ್ಕೂ ಮಿಕ್ಕಿ, ಇಂಥ ಶೌಚಾಲಯಗಳು ಬಂದವು. ಇತ್ತ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಮಾಡಿದ ಶಿಫಾರಸಿನಂತೆ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳು ಹೆಚ್ಚಿದವು. ಇವುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಬಳಕೆ ಹೆಚ್ಚು. 2018ರಲ್ಲಿ ಪೆರಂಬೂರು ಹಳೆಯ ಮಾದರಿಯ ತಯಾರಿಕೆಯನ್ನು ನಿಲ್ಲಿಸಿತು. ಅರ್ಧ ಶತಮಾನದ ಲೇಪಗಳು ಮಾಡಲಾಗದ್ದನ್ನು ತೂತಿನ ಕೆಳಗಿಟ್ಟ ಒಂದು ತೊಟ್ಟಿ ಮಾಡಿತು.

ಆದರೂ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 2017ರ ಮಹಾಲೇಖಪಾಲರ ವರದಿ ಒಂದೇ ವರ್ಷದಲ್ಲಿ ಸುಮಾರು ಎರಡು ಲಕ್ಷ ದೋಷಗಳನ್ನು ಲೆಕ್ಕ ಹಾಕಿತು. ಅದರಲ್ಲಿ ಕಟ್ಟಿಕೊಂಡದ್ದರ ದೂರೇ ಹೆಚ್ಚು. ಹೆಚ್ಚು ತೊಂದರೆ ಕಂಡ ಡಿಪೋಗಳಲ್ಲಿ ಬೆಂಗಳೂರಿನದೂ ಒಂದು. ನೀರಿನ ಬಾಟಲಿ, ಟೀ ಕಪ್ಪು, ಗುಟ್ಕಾ ಪೊಟ್ಟಣಗಳನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನಲಾರದು. ಕಟ್ಟಿಕೊಂಡದ್ದನ್ನು ಬಿಡಿಸಲು ಪಿಟ್ ಲೈನಿಗೆ ಇಳಿಯಬೇಕಾದವರು ಮತ್ತೆ ಮನುಷ್ಯರೇ. ಕಿಟಕಿಯಾಚೆ ನೋಡುತ್ತ ಕುಳಿತವರು ಖಾಲಿ ಬಾಟಲಿಯನ್ನು ಎಲ್ಲಿ ಹಾಕುತ್ತಾರೆ ಎಂಬುದರ ಮೇಲೆ, ಬೋಗಿಯ ಬುಡದಲ್ಲಿ ನಿಂತವರ ನಾಳಿನ ಕೆಲಸ ನಿಂತಿದೆ.