ಚಾರ್ಜರಿಗೂ ಒಂದು ಗೂಟ

ಹಳೆಯ ಬಡಗಿಯ ಬೈರಿಗೆಗೆ ಹುರಿಯೇ ಜೀವ. ಕಡ್ಡಿಗೆ ಒಂದು ಸುತ್ತು ಹಾಕಿದ ಹುರಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಮೊನೆ ತಿರುಗುತ್ತದೆ, ಮರ ತೂತಾಗುತ್ತದೆ. ಕೆಲಸ ಮುಗಿದ ಮೇಲೆ ಅದೇ ಹುರಿಯನ್ನು ಸುತ್ತಿ ಗೂಟಕ್ಕೆ ಸಿಕ್ಕಿಸಿದರೆ ಮುಗಿಯಿತು. ಈಗ ಪುಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲೋ ದೆಹಲಿಯ ಬರ್ಸಾತಿಯಲ್ಲೋ ಒಂದು ಕೆಲಸದ ಮೂಲೆ ಮಾಡಿಕೊಂಡವರ ಕೈಯಲ್ಲಿ ಕಾರ್ಡ್‌ಲೆಸ್ ಡ್ರಿಲ್ ಇರುತ್ತದೆ. ಅದಕ್ಕೆ ಹುರಿಯೂ ಇಲ್ಲ, ವೈರೂ ಇಲ್ಲ. ಆದರೆ ಆ ಮೂಲೆಯತ್ತ ಒಮ್ಮೆ ಕಣ್ಣು ಹಾಯಿಸಿ. ಎರಡು ಉಪಕರಣಕ್ಕೆ ಮೂರು ಚಾರ್ಜರು, ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರದು, ಎಲ್ಲವೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋತು ಬಿದ್ದಿವೆ. ವೈರು ಎಲ್ಲಿಗೂ ಹೋಗಿಲ್ಲ, ಡ್ರಿಲ್ಲಿನಿಂದ ಕಳಚಿ ಚಾರ್ಜರಿಗೆ ವರ್ಗವಾಗಿದೆ ಅಷ್ಟೆ. ಆ ವರ್ಗಾವಣೆ ನಡೆದ ಬಗೆಯನ್ನು ತಿಳಿದರೆ ಕಪಾಟು ಜೋಡಿಸುವ ಕೆಲಸ ಸ್ವಲ್ಪ ಸುಲಭವಾದೀತು.

ಕೈಯಲ್ಲಿ ಹಿಡಿದು ಓಡಾಡಿಸಬಹುದಾದ ವಿದ್ಯುತ್ ಡ್ರಿಲ್ಲನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಫೈನ್ ಕಂಪನಿ ತಯಾರಿಸಿತು. ಅದನ್ನು ಹಿಡಿಯಲು ಎರಡೂ ಕೈ ಬೇಕಿತ್ತು. ಪಿಸ್ತೂಲಿನಂಥ ಹಿಡಿ, ಬೆರಳ ತುದಿಗೆ ಸಿಗುವ ಕುದುರೆ, ಇವೆರಡನ್ನೂ ಕೂಡಿಸಿದವರು ಅಮೆರಿಕದ ಬಾಲ್ಟಿಮೋರ್‌ನಲ್ಲಿ 1910ರಲ್ಲಿ ಒಂದು ಸಣ್ಣ ಯಂತ್ರದಂಗಡಿ ತೆರೆದಿದ್ದ ಡಂಕನ್ ಬ್ಲ್ಯಾಕ್ ಮತ್ತು ಅಲೋಂಜೊ ಡೆಕ್ಕರ್. 1917ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಡ್ರಿಲ್ಲಿನ ಆಕಾರ ಅದೇ. ಆದರೆ ಅದು ಕಾರ್ಖಾನೆಯ ಸೊತ್ತಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧಸಾಮಗ್ರಿ ಕಾರ್ಖಾನೆಗಳಿಂದ ಡ್ರಿಲ್ಲುಗಳು ಮೇಲಿಂದ ಮೇಲೆ ಕಾಣೆಯಾಗುತ್ತಿದ್ದವಂತೆ. ಕೆಲಸಗಾರರು ಮನೆಗೆ ಒಯ್ಯುತ್ತಿದ್ದರು. ಕಳ್ಳತನವನ್ನು ಕಂಡವರು ಪೊಲೀಸರನ್ನು ಕರೆಯಬಹುದಿತ್ತು. ಕಂಪನಿ ಅದರಲ್ಲಿ ಗಿರಾಕಿಯನ್ನು ಕಂಡಿತು. 1946ರಲ್ಲಿ ಮನೆಬಳಕೆಯ ಡ್ರಿಲ್ಲು ಅಂಗಡಿಗೆ ಬಂತು. ನಮ್ಮಲ್ಲಿ ಬಹುಕಾಲ ಈ ಯಂತ್ರದ ಹೆಸರು ಮುಂಬೈಯ ಮುಲುಂಡ್‌ನ ರಾಲಿವುಲ್ಫ್. ಹಳೆಯ ಎಲೆಕ್ಟ್ರಿಷಿಯನ್ನರ ಪೆಟ್ಟಿಗೆಯಲ್ಲಿ ಲೋಹದ ಮೈಯ ಆ ಭಾರದ ಡ್ರಿಲ್ಲನ್ನು ನೋಡಿದವರಿಗೆ ಅದನ್ನು ಹಿಡಿದ ಕೈ ಹೇಗೆ ಜುಮುಗುಡುತ್ತದೆಂದು ಗೊತ್ತು.

ಮನೆಗೆ ಬಂದ ಉಪಕರಣಕ್ಕೆ ಮನೆಯಲ್ಲಿ ಜಾಗ ಬೇಕು. ಈ ವಿಷಯದಲ್ಲಿ ಹಳಬರನ್ನು ಮೀರಿಸಿದವರಿಲ್ಲ. ಅಮೆರಿಕದ ಕ್ವಿನ್ಸಿಯಲ್ಲಿ ಪಿಯಾನೊ ತಯಾರಿಸುತ್ತಿದ್ದ ಹೆನ್ರಿ ಸ್ಟಡ್ಲಿ (1838–1925) ಗೋಡೆಗೆ ತೂಗುಹಾಕುವ ಒಂದೇ ಪೆಟ್ಟಿಗೆಯಲ್ಲಿ ಸುಮಾರು 300 ಉಪಕರಣಗಳನ್ನು ಅಡಕಿಸಿದ್ದ. ಒಂದನ್ನು ಎತ್ತಿದರೆ ಹಿಂದೆ ಇನ್ನೊಂದು ಪದರ. ಮುಚ್ಚಿದಾಗ ಅಗಲ ಸುಮಾರು ಅರ್ಧ ಮೀಟರ್, ಎತ್ತರ ಒಂದು ಮೀಟರ್. ಅದು ಸಾಧ್ಯವಾದದ್ದು ಅವನ ಕುಶಲತೆಯಿಂದ, ನಿಜ. ಆದರೆ ಉಳಿ, ರಂದ, ಗರಗಸ ಯಾವುದೂ ಹೊಟ್ಟೆಗೆ ಕೇಳುವುದಿಲ್ಲ ಎಂಬುದೂ ಒಂದು ಕಾರಣ. ಇಟ್ಟಲ್ಲೇ ಇರುತ್ತವೆ, ಎತ್ತಿದಾಗ ಕೆಲಸ ಮಾಡುತ್ತವೆ. ಮುಂದೆ ತೂತುಹಲಗೆ, ಅಂದರೆ ಪೆಗ್‌ಬೋರ್ಡ್, ಗ್ಯಾರೇಜಿನ ಗೋಡೆಗಳನ್ನು ತುಂಬಿತು. 1961ರಲ್ಲಿ ಪಾಕಪ್ರವೀಣೆ ಜೂಲಿಯಾ ಚೈಲ್ಡ್ ಕೇಂಬ್ರಿಜ್‌ನ ಹೊಸ ಮನೆಗೆ ಬಂದಾಗ ಗಂಡ ಪಾಲ್ ಅಡುಗೆಮನೆಯ ಗೋಡೆಗೆ ಇಂಥ ಹಲಗೆ ಹಾಕಿ, ಪ್ರತಿ ಬಾಣಲೆಯ ಸುತ್ತ ಗೆರೆ ಎಳೆದ. ಯಾವುದು ಎಲ್ಲಿಗೆ ಎಂದು ಗೋಡೆಯೇ ಹೇಳುತ್ತಿತ್ತು. ಆ ಅಡುಗೆಮನೆ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ಅದೇ 1961ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಮೊದಲ ಕಾರ್ಡ್‌ಲೆಸ್ ಡ್ರಿಲ್ ಹೊರತಂದಿತು. ಒಳಗಿದ್ದದ್ದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲೇ ಕಂಡುಹಿಡಿದದ್ದು. ವೈರಿನ ಡ್ರಿಲ್ಲಿನ ಮುಂದೆ ಅದರ ಬಲ ಪೀಚು. ನಾಸಾ ಚಂದ್ರಯಾನಕ್ಕಾಗಿ ಕಾರ್ಡ್‌ಲೆಸ್ ಉಪಕರಣ ಕಂಡುಹಿಡಿಯಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ತಿರುಗುಮುರುಗು: ಡ್ರಿಲ್ಲು ಮೊದಲು ಬಂತು, ನಾಸಾದ ಕೆಲಸ ಆಮೇಲೆ. ಚಂದ್ರನ ನೆಲ ಕೊರೆಯುವ ಯಂತ್ರಕ್ಕೆ ಇದೇ ಕಂಪನಿ ನೆರವಾಯಿತು. 1971ರಲ್ಲಿ ಅಪೋಲೊ 15ರ ಡೇವಿಡ್ ಸ್ಕಾಟ್ ಅದರಿಂದ ಎರಡು ಮೀಟರಿಗೂ ಆಳಕ್ಕೆ ಕೊರೆದ. ಕೊಳವೆ ಮಣ್ಣಿನಲ್ಲಿ ಕಚ್ಚಿಕೊಂಡು, ಅದನ್ನು ಕೀಳಲು ಇಬ್ಬರೂ ಗಗನಯಾತ್ರಿಗಳು ಹೆಣಗಬೇಕಾಯಿತು. ಅಲ್ಲಿದ್ದದ್ದು ಬೆಳ್ಳಿ-ಸತುವಿನ ಬ್ಯಾಟರಿ. ಮತ್ತೆ ಚಾರ್ಜ್ ಮಾಡುವ, ಚಾರ್ಜರ್ ಎಲ್ಲಿಡುವುದೆಂದು ಯೋಚಿಸುವ ತಾಪತ್ರಯ ಅವರಿಗಿರಲಿಲ್ಲ.

ಆ ತಾಪತ್ರಯಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಡ್ರಿಲ್ಲಿನಲ್ಲಲ್ಲ, ಕಸ ಹೀರುವ ಯಂತ್ರದಲ್ಲಿ. 1979ರಲ್ಲಿ ಮಾರುಕಟ್ಟೆಗೆ ಬಂದ ಡಸ್ಟ್‌ಬಸ್ಟರ್‌ಗೆ ಗೋಡೆಗೆ ಬಿಗಿಯುವ ಒಂದು ಗೂಡು ಇತ್ತು. ಕೆಲಸ ಮುಗಿಸಿ ಅಲ್ಲಿ ಸಿಕ್ಕಿಸಿದರೆ ಜಾಗಕ್ಕೂ ಸೇರಿತು, ಚಾರ್ಜೂ ಶುರುವಾಯಿತು. ತಂದಿಡುವುದೂ ತಿನ್ನಿಸುವುದೂ ಒಂದೇ ಕ್ರಿಯೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲ. ಬಡಗಿಯ ಗೂಟವೇ ವಿದ್ಯುತ್ ಗೂಟವಾದಂತೆ.

ಆದರೆ ಉಪಕರಣಗಳ ದಾರಿ ಬೇರೆಯಾಯಿತು. 1978ರಲ್ಲಿ ಜಪಾನಿನ ಮಕಿಟಾ 7.2 ವೋಲ್ಟಿನ ಡ್ರಿಲ್ ತಂದಿತು. ದಿನವಿಡೀ ದುಡಿಯುವ ಮೇಸ್ತ್ರಿಗೆ ಚಾರ್ಜ್ ಆಗುವವರೆಗೆ ಕಾಯಲು ಪುರುಸೊತ್ತಿಲ್ಲ, ಆದ್ದರಿಂದ ಕಳಚುವ ಬ್ಯಾಟರಿಯೇ ವಾಡಿಕೆಯಾಯಿತು: ಒಂದು ಕೆಲಸದಲ್ಲಿ, ಇನ್ನೊಂದು ಚಾರ್ಜರಿನಲ್ಲಿ. ಆಮೇಲೆ ವೋಲ್ಟಿನ ಓಟ. ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲೊಂದಕ್ಕೆ 1.2 ವೋಲ್ಟು. ಆರು ಸೆಲ್ಲಿಗೆ 7.2, ಎಂಟಕ್ಕೆ 9.6, ಹತ್ತಕ್ಕೆ 12, ಹನ್ನೆರಡಕ್ಕೆ 14.4, ಹದಿನೈದಕ್ಕೆ 18. ಪ್ರತಿ ಮೆಟ್ಟಿಲಿಗೂ ಹೊಸ ಬ್ಯಾಟರಿ, ಹೊಸ ಚಾರ್ಜರು. ಹಳೆಯದು ಅಟ್ಟಕ್ಕೆ. ಮೂಲೆಯ ಗೊಂದಲ ಹುಟ್ಟಿದ್ದು ಇಲ್ಲಿ, ನಮ್ಮ ಅಶಿಸ್ತಿನಿಂದಲ್ಲ.

ಆಮೇಲೆ ಲಿಥಿಯಂ ಅಯಾನ್ ಉಪಕರಣಗಳಿಗೆ ಬಂದಿತು. ಅದರ ಸೆಲ್ಲಿಗೆ 3.6 ವೋಲ್ಟು, ಹಾಗಾಗಿ ಐದೇ ಸೆಲ್ಲಿಗೆ 18. ಅಂಗಡಿಯಲ್ಲಿ ಕಾಣುವ ‘20 ವೋಲ್ಟ್ ಮ್ಯಾಕ್ಸ್’ ಕೂಡ ಇದೇ ಐದು ಸೆಲ್ಲು. ಪೂರ್ತಿ ತುಂಬಿದ ಗಳಿಗೆಯ ಲೆಕ್ಕ ಹಿಡಿದು ದೊಡ್ಡ ಸಂಖ್ಯೆ ಬರೆಯುತ್ತಾರೆ. ಹೆಚ್ಚು ಬಲ ಅಂದುಕೊಂಡು ಹೆಚ್ಚು ದುಡ್ಡು ಕೊಡಬೇಡಿ.

ಬ್ಯಾಟರಿಯ ಜಾತಿ ಬದಲಾದಾಗ ಕಪಾಟಿನ ನಿಯಮಗಳೂ ಬದಲಾದವು, ಇದನ್ನು ಮಾತ್ರ ಹಲವರು ಗಮನಿಸಲಿಲ್ಲ. ನಿಕ್ಕಲ್ ಕಾಲದ ಪಾಠ: ಚೆನ್ನಾಗಿ ಖಾಲಿ ಮಾಡಿ ಆಮೇಲೆ ತುಂಬಿ. ಲಿಥಿಯಂಗೆ ಅದು ವಿಷ. ಪೂರ್ತಿ ಬರಿದಾಗಲು ಬಿಡಬಾರದು. ತಿಂಗಳುಗಟ್ಟಲೆ ಮುಟ್ಟದಿದ್ದರೆ ಅರ್ಧ ತುಂಬಿಸಿ, ಚಾರ್ಜರಿನಿಂದ ತೆಗೆದು ತಂಪಿನಲ್ಲಿಡಬೇಕು. ಬಿಸಿಲು ಬೀಳುವ ಬಾಲ್ಕನಿಯಲ್ಲಿ, ಅದೂ ಚೆನ್ನೈ ಹೈದರಾಬಾದಿನ ಮೇ ತಿಂಗಳಲ್ಲಿ, ತುಂಬಿದ ಬ್ಯಾಟರಿ ಬೇಗ ಮುದಿಯಾಗುತ್ತದೆ. ದುಡಿದು ಬಿಸಿಯಾದ ಬ್ಯಾಟರಿಯನ್ನು ಹಾಕಿದಾಗ ಒಳ್ಳೆಯ ಚಾರ್ಜರು ದೀಪ ಮಿಣುಕಿಸುತ್ತ ಅದು ತಣಿಯುವವರೆಗೆ ಕಾಯುವುದೂ ಇದಕ್ಕೇ. ಚಾರ್ಜರುಗಳನ್ನು ಎದೆಮಟ್ಟದ ಒಂದು ಪಟ್ಟಿಯಲ್ಲಿ ಗೋಡೆಗೆ ಬಿಗಿಯಿರಿ. ಕೆಳಗೆ ಇಡಲೇಬೇಕಿದ್ದರೆ ಹಲಗೆಯ ಮೇಲಲ್ಲ, ಟೈಲ್ಸಿನ ತುಂಡಿನ ಮೇಲೆ. ಮರದ ಹೊಟ್ಟು, ತಿನ್ನರ್ ಡಬ್ಬ ದೂರವಿರಲಿ. ಬಿಡಿ ಬ್ಯಾಟರಿಯನ್ನು ಮೊಳೆ-ಸ್ಕ್ರೂಗಳ ಡಬ್ಬಿಗೆ ಎಸೆಯಬೇಡಿ, ಎರಡು ತುದಿಗೆ ಒಂದು ಮೊಳೆ ತಾಗಿದರೆ ಸಾಕು. ಇಡೀ ಪಟ್ಟಿಗೆ ಒಂದೇ ಸ್ವಿಚ್ಚಿರಲಿ, ಮಲಗುವ ಮುಂಚೆ ಅದು ಆರಲಿ. ಬಾಗಿಲಿನ ಪಕ್ಕ ಬೇಡ: ಬೆಂಕಿ ಹತ್ತಿದರೆ ನೀವು ಓಡಬೇಕಾದ ದಾರಿಯೇ ಅದು. ಕೊಂಡ ತಿಂಗಳು-ವರ್ಷವನ್ನು ಬ್ಯಾಟರಿಯ ಬೆನ್ನಿಗೆ ಬರೆದಿಟ್ಟರೆ ಯಾವುದು ಸಾಯುತ್ತಿದೆ ಎಂದು ಊಹಿಸುವ ಕಷ್ಟವಿಲ್ಲ.

ಇಷ್ಟು ಮಾಡಿದರೂ ಉಳಿಯುವ ತೊಡಕು ಒಂದಿದೆ. ಸೆಲ್ಲು ಬಹುಮಟ್ಟಿಗೆ ಎಲ್ಲರದೂ ಒಂದೇ ಬಗೆಯದು, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಹೊರಗಿನ ಪ್ಲಾಸ್ಟಿಕ್ ಗಾಡಿ ಮಾತ್ರ ಕಂಪನಿಗೊಂದು. ಡ್ರಿಲ್ಲು ಕೊಂಡಾಗ ನೀವು ನಿಜವಾಗಿ ಕೊಂಡದ್ದು ಒಂದು ಬ್ಯಾಟರಿ ಮನೆತನದ ಸಂಬಂಧ. ಮುಂದಿನ ಗರಗಸ, ಸ್ಯಾಂಡರ್ ಎಲ್ಲ ಅದೇ ಮನೆಯಿಂದ ತರಬೇಕು. 2018ರಲ್ಲಿ ಮೆಟಾಬೊ ನೇತೃತ್ವದಲ್ಲಿ, 2020ರಲ್ಲಿ ಬಾಷ್ ನೇತೃತ್ವದಲ್ಲಿ ಕೆಲವು ಕಂಪನಿಗಳು ಬ್ಯಾಟರಿ ಹಂಚಿಕೊಳ್ಳುವ ಒಕ್ಕೂಟ ಮಾಡಿಕೊಂಡವು. ಉಳಿದವು ಬೇಲಿ ಬಿಗಿ ಮಾಡಿಕೊಂಡೇ ಇವೆ. ಅಜ್ಜನ ಉಳಿ ಮೊಮ್ಮಗನಿಗೆ ಬರುತ್ತದೆ, ಅಪ್ಪನ ಕಾರ್ಡ್‌ಲೆಸ್ ಡ್ರಿಲ್ಲು ಮಗನಿಗೆ ಬರುವುದಿಲ್ಲ. ಮೋಟರು ಗಟ್ಟಿಯಾಗಿಯೇ ಇರುತ್ತದೆ, ಅದಕ್ಕೆ ಹೊಂದುವ ಬ್ಯಾಟರಿಯನ್ನು ಮಾಡುವವರು ನಿಲ್ಲಿಸಿರುತ್ತಾರೆ.

ಯುರೋಪಿನಲ್ಲಿ ಕಾರ್ಡ್‌ಲೆಸ್ ಉಪಕರಣಗಳ ಕ್ಯಾಡ್ಮಿಯಂ ಬ್ಯಾಟರಿಗೆ ಕೊಟ್ಟಿದ್ದ ವಿನಾಯಿತಿ 2016ರ ಕೊನೆಗೆ ಮುಗಿಯಿತು. ನಮ್ಮಲ್ಲಿ 2001ರ ನಿಯಮಗಳು ಸೀಸದ ಬ್ಯಾಟರಿಗಷ್ಟೇ ಅನ್ವಯಿಸುತ್ತಿದ್ದವು; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಾಗಾಗಿ ಸತ್ತ ಬ್ಯಾಟರಿಯನ್ನು ಹಸಿಕಸ ಒಣಕಸಗಳ ಬುಟ್ಟಿಗೆ ಹಾಕದೆ, ತುದಿಗಳಿಗೆ ಟೇಪು ಸುತ್ತಿ, ಕೊಂಡಲ್ಲಿಗೇ ಒಯ್ದು ಕೇಳಬಹುದು. ಅದಕ್ಕೂ ಮೊದಲು, ಹಳೆಯ ನಿಕ್ಕಲ್ ಬ್ಯಾಟರಿಯಾದರೆ, ಬೆಂಗಳೂರಿನ ಎಸ್‌.ಪಿ. ರೋಡ್, ಚೆನ್ನೈಯ ರಿಚಿ ಸ್ಟ್ರೀಟ್, ಮುಂಬೈಯ ಲ್ಯಾಮಿಂಗ್ಟನ್ ರೋಡುಗಳಂಥ ಕಡೆ ಸೆಲ್ಲು ಬದಲಿಸಿಕೊಡುವವರನ್ನು ವಿಚಾರಿಸಿ ನೋಡಿ. ಸ್ಕ್ರೂ ಬಿಚ್ಚಿ, ಹೊಸ ಸೆಲ್ಲುಗಳನ್ನು ನಿಕ್ಕಲ್ ಪಟ್ಟಿಯಿಂದ ಬೆಸೆದು, ಮತ್ತೆ ಮುಚ್ಚುವುದಷ್ಟೇ ಆ ಕೆಲಸ. ಲಿಥಿಯಂ ಬ್ಯಾಟರಿಯಾದರೆ ಮಾತು ಬೇರೆ: ಒಳಗಿನ ಸರ್ಕ್ಯೂಟು ಒಪ್ಪದಿದ್ದರೆ ಹೊಸ ಸೆಲ್ಲು ಹಾಕಿದರೂ ಡ್ರಿಲ್ಲು ತಿರುಗುವುದಿಲ್ಲ.